ನೆಲದ ಮೇಲೆ ಉರಿಸಿ ನೋಡದೇ ಹಾರಿಸಿದ ಚಂದ್ರನ ರಾಕೆಟ್

1969ರ ಫೆಬ್ರುವರಿ 21. ಕಝಾಕಸ್ತಾನದ ಬೈಕನೂರಿನಿಂದ ಸೋವಿಯತ್ ಒಕ್ಕೂಟದ ಎನ್1 ರಾಕೆಟ್ ಮೊದಲ ಸಲ ಮೇಲೆದ್ದಿತು. ಎತ್ತರ ಸುಮಾರು 105 ಮೀಟರ್, ತಳದಲ್ಲಿ 30 ಎಂಜಿನ್. ಮುಂದೆ ಗಗನಯಾತ್ರಿಯನ್ನು ಚಂದ್ರನಿಗೆ ಕಳಿಸಲು ಕಟ್ಟಿದ್ದು. ಅವತ್ತು ಒಳಗೆ ಯಾರೂ ಇರಲಿಲ್ಲ, ಸದ್ಯ.

ಅಷ್ಟೊಂದು ಎಂಜಿನ್ ಯಾಕೆ? ಇದರ ಹಿಂದೆ ಒಂದು ಹಳೇ ಜಗಳ ಇದೆ. ಮುಖ್ಯ ವಿನ್ಯಾಸಕಾರ ಸೆರ್ಗೆಯ್ ಕೊರೊಲ್ಯೊವ್ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವೇ ಬೇಕು ಎಂದರು. ಎಂಜಿನ್ ತಜ್ಞ ವಲೆಂಟಿನ್ ಗ್ಲುಷ್ಕೊ ಒಪ್ಪಲಿಲ್ಲ. ವಿಷಕಾರಿಯಾದರೂ, ಎರಡು ದ್ರವಗಳು ಒಂದಕ್ಕೊಂದು ಸೋಂಕಿದ ಕೂಡಲೇ ಹೊತ್ತಿಕೊಳ್ಳುವ ಇಂಧನವೇ ಸರಿ ಎಂದರು. ಇಬ್ಬರೂ ಹಟಮಾರಿಗಳು. ಕೊನೆಗೆ ಕೊರೊಲ್ಯೊವ್, ವಿಮಾನದ ಎಂಜಿನ್ ಮಾಡುತ್ತಿದ್ದ ನಿಕೊಲಾಯ್ ಕುಜ್ನೆತ್ಸೊವ್ ಬಳಿ ಹೋದರು. ಅಲ್ಲಿ ಸಿಕ್ಕ ಎಂಜಿನ್ ಒಳ್ಳೆಯದೇ, ಆದರೆ ಚಿಕ್ಕದು. ಅಮೆರಿಕದ ಚಂದ್ರನ ರಾಕೆಟ್ ಸ್ಯಾಟರ್ನ್ 5ಕ್ಕೆ ತಳದಲ್ಲಿ ಐದು ಸಾಕಾದ ಕಡೆ ಇಲ್ಲಿ ಮೂವತ್ತು ಬೇಕಾದವು.

ಸಂಖ್ಯೆ ಜಾಸ್ತಿ ಆಗಿದ್ದೇ ತಪ್ಪು ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಮೆರಿಕದವರು ಮೊದಲ ಹಂತವನ್ನು, ಅಂದರೆ ರಾಕೆಟ್ಟಿನ ತಳಭಾಗವನ್ನು, ಮಿಸಿಸಿಪ್ಪಿಯಲ್ಲಿ ನೆಲಕ್ಕೆ ಬಿಗಿದು, ಐದೂ ಎಂಜಿನ್ ಒಟ್ಟಿಗೆ ಉರಿಸಿ ನೋಡುತ್ತಿದ್ದರು. ಬೈಕನೂರಿನಲ್ಲಿ ಅಂಥ ಕಟ್ಟೆಯನ್ನೇ ಕಟ್ಟಲಿಲ್ಲ. ದುಡ್ಡೂ ಇಲ್ಲ, ಸಮಯವೂ ಇಲ್ಲ. ಬಿಡಿ ಎಂಜಿನ್‌ಗಳ ಕಥೆ ಇನ್ನೂ ವಿಚಿತ್ರ. ಅವುಗಳ ಕೆಲವು ಕವಾಟಗಳು ಸಿಡಿಮದ್ದಿನಿಂದ ತೆರೆಯುವಂಥವು, ಒಂದು ಸಲ ಉರಿಸಿದರೆ ಮುಗಿಯಿತು. ಹಾಗಾಗಿ ಆರು ಎಂಜಿನ್ ಮಾಡಿದರೆ ಎರಡನ್ನು ಉರಿಸಿ ನೋಡುವುದು, ಉಳಿದ ನಾಲ್ಕನ್ನು ನಂಬಿಕೆಯ ಮೇಲೆ ರಾಕೆಟ್ಟಿಗೆ ಕೂರಿಸುವುದು! 1966ರಲ್ಲಿ ಕೊರೊಲ್ಯೊವ್ ತೀರಿಕೊಂಡ ಮೇಲೆ ಹೊಣೆ ಹೊತ್ತ ವಸೀಲಿ ಮಿಶಿನ್‌ಗೆ ಬಂದದ್ದು ಇದೇ ಆಸ್ತಿ.

ಎಂಜಿನ್‌ಗಳ ಮೇಲೆ ಕಣ್ಣಿಡಲು ‘ಕೋರ್ಡ್’ ಎಂಬ ವ್ಯವಸ್ಥೆ ಇತ್ತು. ಒಂದು ಕೆಟ್ಟರೆ ಅದನ್ನೂ, ಸಮತೋಲನಕ್ಕಾಗಿ ಎದುರಿನದ್ದನ್ನೂ ಅದು ಆಫ್ ಮಾಡಬೇಕು. ಆವತ್ತು ಹೊರಟ ಕೆಲವೇ ಸೆಕೆಂಡಿನಲ್ಲಿ ಸುಳ್ಳು ಸಂಕೇತ ನಂಬಿ, ಚೆನ್ನಾಗಿದ್ದ 12ನೇ ಎಂಜಿನ್ನನ್ನೇ ನಿಲ್ಲಿಸಿತು, ಜೊತೆಗೆ 24ನೆಯದನ್ನೂ. 28ರಲ್ಲೇ ರಾಕೆಟ್ ಏರಿತು. ಆದರೆ ಕಂಪನಕ್ಕೆ ಕೊಳವೆ ಒಡೆದು ಬಾಲದಲ್ಲಿ ಬೆಂಕಿ ಹೊತ್ತಿತು. ಸುಮಾರು 69ನೇ ಸೆಕೆಂಡಿಗೆ ಕೋರ್ಡ್ ಎಲ್ಲವನ್ನೂ ಆಫ್ ಮಾಡಿತು. ರಾಕೆಟ್ ಸುಮಾರು 50 ಕಿ.ಮೀ. ದೂರದಲ್ಲಿ ಬಿತ್ತು.

ಜುಲೈ 3ರ ಎರಡನೇ ಯತ್ನ ಉಡಾವಣಾ ಕಟ್ಟೆಯನ್ನೇ ಸುಟ್ಟಿತು. 1971, 1972ರಲ್ಲೂ ಸೋಲೇ. ಐದನೆಯದಕ್ಕೆ ಕುಜ್ನೆತ್ಸೊವ್ ಎನ್‌ಕೆ-33 ಎಂಜಿನ್ ಮಾಡಿದ್ದರು. ಇದನ್ನು ಉರಿಸಿ ನೋಡಿ, ಅದನ್ನೇ ಮತ್ತೆ ರಾಕೆಟ್ಟಿಗೆ ಜೋಡಿಸಬಹುದಿತ್ತು. ಅಷ್ಟರಲ್ಲಿ, 1974ರಲ್ಲಿ, ಮಿಶಿನ್ ಜಾಗಕ್ಕೆ ಬಂದವರು ಯಾರು ಗೊತ್ತಾ? ಅದೇ ಗ್ಲುಷ್ಕೊ. ಎನ್1 ಕೆಲಸ ಅಲ್ಲಿಗೇ ನಿಂತಿತು. ಎಂಜಿನ್‌ಗಳನ್ನು ಕುಜ್ನೆತ್ಸೊವ್ ಗೋದಾಮಿನಲ್ಲಿ ಉಳಿಸಿಕೊಂಡರು. ಸೋವಿಯತ್ ಒಕ್ಕೂಟ ಮುರಿದ ಮೇಲೆ ಅಮೆರಿಕದ ಕಂಪನಿಯೊಂದು ಅವನ್ನು ಕೊಂಡುಕೊಂಡಿತು. 2013ರಲ್ಲಿ ಅಮೆರಿಕದ ಆಂಟಾರೆಸ್ ರಾಕೆಟ್ ಹಾರಿದ್ದು ಅವುಗಳ ಬಲದಿಂದಲೇ.