ಕೂಲರ್ ಮುಟ್ಟಿದರೆ ಜುಮ್ಮೆನ್ನುವುದೇಕೆ? ಎರಡು ವೈರಿನ ಮನೆ, ಮೂರು ಪಿನ್ನಿನ ಸಾಕೆಟ್

ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿ ಕಡೆ ತಗಡಿನ ಕೂಲರ್ ಮುಟ್ಟಿದರೆ ಜುಮ್ಮೆಂದಿತೆಂದು ಪಂಪ್ ಬದಲಿಸುವವರೇ ಹೆಚ್ಚು. ಗೋಡೆಯ ಸಾಕೆಟ್ ಬಿಚ್ಚಿ ನೋಡುವವರು ಕಡಿಮೆ.

ಹಳೆಯ ಮನೆಗಳಿಗೆ ಕರೆಂಟ್ ಬಂದದ್ದು ದೀಪಕ್ಕಾಗಿ. 1979-80ರಲ್ಲಿ ಶುರುವಾದ ಭಾಗ್ಯಜ್ಯೋತಿ ಕೊಟ್ಟದ್ದೂ ಒಂದು ಬಲ್ಬಿನ ಸಂಪರ್ಕವನ್ನೇ. ಅಂಥ ಮನೆಯೊಳಗೆ ಹೆಚ್ಚಾಗಿ ಕರೆಂಟ್ ತರುವ ಫೇಸ್, ಅದು ಮರಳಿ ಹೋಗುವ ನ್ಯೂಟ್ರಲ್ ಎರಡೇ ವೈರು. ಫ್ರಿಜ್, ಕೂಲರ್ ಬಂದಾಗ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ವೈರ್ ಎಳೆಯಲು ಗೋಡೆ ಒಡೆಯಬೇಕಾಯಿತು. ಅದನ್ನು ತಪ್ಪಿಸಲು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ, ಉಪಕರಣದ ಮೈಗೆ ಸೇರುವ ಅರ್ಥಿಂಗಿನ ದಪ್ಪ ಪಿನ್ನಿಗೆ ವೈರ್ ತುಂಡು ಜೋಡಿಸುವ ರೂಢಿ ಬಂತು.

ನ್ಯೂಟ್ರಲ್ ಗಟ್ಟಿಯಿರುವಷ್ಟು ದಿನ ಏನೂ ಗೊತ್ತಾಗದು. ಅದು ಕಂಬದಲ್ಲಿ ಕಡಿದರೆ ಫೇಸ್ ಕರೆಂಟ್ ಮೋಟರಿನ ಸುತ್ತು ದಾಟಿ, ಆ ತುಂಡಿನ ಮೂಲಕ ಕೂಲರಿನ ತಗಡಿಗೆ ಇಳಿಯುತ್ತದೆ. ಫ್ಯಾನ್ ನಿಂತಿದೆ, ಕರೆಂಟ್ ಹೋಗಿದೆ ಎಂದುಕೊಂಡು ಒದ್ದೆ ಫರಸಿಯ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದವರಿಗೆ 230 ವೋಲ್ಟ್ ಹೊಡೆಯುತ್ತದೆ. ನ್ಯೂಟ್ರಲ್ ಮೇಲೆ ಫ್ಯೂಸ್ ಕೂಡದೆಂದು 1956ರ ವಿದ್ಯುತ್ ನಿಯಮಗಳೇ ಹೇಳಿದ್ದವು. ಆದರೂ ಹಳೆಯ ಬೋರ್ಡುಗಳಲ್ಲಿ ಜೋಡಿ ಪಿಂಗಾಣಿ ಫ್ಯೂಸ್ ಕಾಣುತ್ತವೆ. ನ್ಯೂಟ್ರಲ್ ಕಡೆಯದು ಸುಟ್ಟರೂ ಪರಿಣಾಮ ಇದೇ.

ಇದರ ತಿರುವುಮುರುವು ಕೆಲಸವೂ ನಡೆಯುತ್ತದೆ: ನ್ಯೂಟ್ರಲ್ ಕೈಕೊಟ್ಟಾಗ ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಮಾಡುವುದು. ಬೇಸಿಗೆಯಲ್ಲಿ ಕರಿ ಎರೆಮಣ್ಣು ಒಣಗಿ ಬಿರಿದಾಗ, ಆ ವೈರ್ ನೆಲ ಸೇರುವ ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ. ಅದು 50 ಓಮ್ ಇದೆ ಎನ್ನಿ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯ ರೋಧ ಸುಮಾರು 53 ಓಮ್. ಇಸ್ತ್ರಿ ಹಚ್ಚಿದೊಡನೆ ಅರ್ಥಿಂಗ್ ವೈರಿಗೆ ಸುಮಾರು 110 ವೋಲ್ಟ್ ಏರಿ, ಆ ವೈರಿಗೆ ಸೇರಿದ ಫ್ರಿಜ್ಜು, ಮೋಟರು ಎಲ್ಲದರ ಮೈಗೂ ಬರುತ್ತದೆ. ಹರಿಯುವುದು ಬರೀ 2.2 ಆಂಪಿಯರ್. ಫ್ಯೂಸ್ ಹಾರುವುದಿಲ್ಲ.

ಕರೆಂಟ್ ಸೋರಿದೊಡನೆ ತಾನೇ ಆರುವ ಸ್ವಿಚ್ಚಾದ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮಾತ್ರ ಈ ಸೋರಿಕೆ ಹಿಡಿಯಬಲ್ಲದು. ನಿಜವಾದ ಅರ್ಥಿಂಗ್ ಇರುವ ಮನೆಯಲ್ಲಿ ಸಾಕೆಟ್ಟಿನ ಆ ವೈರ್ ತುಂಡು ಉಳಿದಿದ್ದರೆ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತದೆ. ಆಗ ಆರ್‌ಸಿಸಿಬಿಯನ್ನೇ ಕಿತ್ತು ನೇರ ಜೋಡಿಸುವುದು ಎಲ್ಲಕ್ಕಿಂತ ಕೆಟ್ಟ ರಿಪೇರಿ.

ಫೇಸ್, ಅರ್ಥಿಂಗ್ ನಡುವೆ ಬಲ್ಬ್ ಹಚ್ಚಿ ನೋಡುವ ಪರೀಕ್ಷೆಯನ್ನು ನಂಬಬೇಡಿ. ತುಂಡು ಜೋಡಿಸಿದ ಸಾಕೆಟ್ಟಿನಲ್ಲೂ ಬಲ್ಬ್ ಚೆನ್ನಾಗಿಯೇ ಉರಿಯುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮೇನ್ ಸ್ವಿಚ್ ಆರಿಸಿ ಸಾಕೆಟ್ ಬಿಚ್ಚಿಸಿ, ತುಂಡು ತೆಗೆಸಿ, ಬೋರ್ಡಿನಿಂದ ಪ್ರತ್ಯೇಕ ಹಸಿರು ವೈರ್ ಎಳೆಸಿ. 2.5 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಹೂಳಿಸಿ, ಗುಂಡಿಯ ರೋಧವನ್ನು ಅರ್ಥ್ ಟೆಸ್ಟರ್‌ನಿಂದ ಏಪ್ರಿಲ್, ಮೇಯಲ್ಲಿ ಅಳೆಸಿ; ಮಳೆಗಾಲದ ಅಳತೆ ಬೇಸಿಗೆಗೆ ನಡೆಯದು. ಕೂಲರಿಗೆ ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತೇ ತುಂಬಿ.