ಬದು ಕಾಯುವ ಚಿಪ್

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪಂಪುಗಳ ಒತ್ತಡ ಪರೀಕ್ಷಿಸುವ ಯಂತ್ರಕ್ಕೆ ನಾನು ಪ್ರೋಗ್ರಾಂ ಬರೆದಿದ್ದೆ. 16 ಅಳತೆಗಳಿಗೆ ಜಾಗ ಇಟ್ಟು 17ನೆಯದನ್ನೂ ತುಂಬಿಸಿದ್ದೆ. ಅದು ಪಕ್ಕದಲ್ಲಿದ್ದ ಗರಿಷ್ಠ ಒತ್ತಡದ ಮಿತಿಯನ್ನು ಅಳಿಸಿ ಕೂತಿತ್ತು. ತಪ್ಪು ಸಿಗಲು ಎರಡು ದಿನ ಬೇಕಾಯಿತು. ಪ್ರೊಸೆಸರ್ ಚಕಾರ ಎತ್ತಿರಲಿಲ್ಲ; ಅದರ ಪಾಲಿಗೆ ಮೆಮೊರಿ ಎಂದರೆ ಬದುಗಳೇ ಇಲ್ಲದ ಬಯಲು.

ಬದುಗಳನ್ನು ಬಲ್ಲ ಪ್ರೊಸೆಸರನ್ನು ಇಂಟೆಲ್ 1981ರಲ್ಲೇ ಹೊರತಂದಿತ್ತು. ಐಎಪಿಎಕ್ಸ್ 432 ಅದರ ಹೆಸರು. ಅದರಲ್ಲಿ ಪ್ರತಿ ಆಬ್ಜೆಕ್ಟ್‌ಗೂ, ಅಂದರೆ ಮೆಮೊರಿಯಲ್ಲಿನ ಡೇಟಾದ ಪ್ರತಿ ತುಣುಕಿಗೂ, ಪಹಣಿಯಂಥ ದಾಖಲೆಯೊಂದಿತ್ತು: ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಗೆಯದು. ಓದುವ, ಬರೆಯುವ ಹಕ್ಕುಪತ್ರ ಇಲ್ಲದ ಪ್ರೋಗ್ರಾಂ ಒಳಗೆ ಕಾಲಿಡುವಂತಿರಲಿಲ್ಲ. ತಪಾಸಣೆ ಮಾಡುತ್ತಿದ್ದುದು ಚಿಪ್ಪೇ.

ಆದರೆ ಅದು ವಿಪರೀತ ನಿಧಾನ. ಒಂದು ಪ್ರೊಸೆಸರ್ ಎರಡು ಚಿಪ್‌ಗಳಲ್ಲಿ ಹರಡಿತ್ತು. ಆದೇಶಗಳ ಉದ್ದ 6 ಬಿಟ್‌ಗಳಿಂದ 321 ಬಿಟ್‌ಗಳವರೆಗೆ, ಅವು ಯಾವ ಬಿಟ್‌ನಿಂದ ಬೇಕಾದರೂ ಶುರುವಾಗಬಹುದಿತ್ತು. ಡೇಟಾ ಮತ್ತು ಆದೇಶಗಳಿಗೆ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವುದನ್ನು ಕೈಗೆಟುಕುವಂತಿಡುವ ಪುಟ್ಟ ವೇಗದ ಮೆಮೊರಿ, ಇರಲಿಲ್ಲ. ಏಡಾ ಭಾಷೆಯ ಪ್ರೋಗ್ರಾಂಗಳನ್ನು ಚಿಪ್ಪಿನ ಆದೇಶಗಳಾಗಿ ಬದಲಿಸುವ ಅದರ ಕಂಪೈಲರ್ ಅಂತೂ ತನ್ನದೇ ಹೊಲದ ಮುಂದಿನ ಸಾಲಿಗೆ ಹೋಗುವುದಕ್ಕೂ ಊರ ಗಡಿ ದಾಟುವಷ್ಟು ತಪಾಸಣೆ ಹೇರುತ್ತಿತ್ತು. ಮರುವರ್ಷ ಬಂದ ಇಂಟೆಲ್‌ನದೇ 80286 ಪ್ರೊಸೆಸರ್ ಇದನ್ನು ಸಲೀಸಾಗಿ ಹಿಂದಿಕ್ಕಿತು. ಆಬ್ಜೆಕ್ಟ್ ಕಲ್ಪನೆಯೇ ತಪ್ಪೆಂದು ಹಲವರು ತೀರ್ಮಾನಿಸಿದರು. ನಾನು ಒಪ್ಪುವುದಿಲ್ಲ. ಕಂಪ್ಯೂಟರ್ ಎಂಜಿನಿಯರ್ ರಾಬರ್ಟ್ ಕೋಲ್‌ವೆಲ್ ಮತ್ತು ಸಂಗಡಿಗರು ಮುಂದೆ ಅಳೆದು ನೋಡಿದಾಗ, ಈ ನಿಧಾನಗತಿಯ ದೊಡ್ಡ ಪಾಲು ಕಂಪೈಲರ್ ಮತ್ತು ಇಂಥ ಇತರ ಕೊರತೆಗಳದ್ದೆಂದು ತೋರಿತು. ಬದು ಕಾಯುವುದಕ್ಕೆ ಬೆಲೆ ಇದೆ, ಆದರೆ ಅಷ್ಟೊಂದಲ್ಲ.

ಕಾರ್ಖಾನೆಯ ನಂಟಿರುವ ನನಗೆ ಹೆಚ್ಚು ಹತ್ತಿರವಾಗುವುದು ರೆಕರ್ಸಿವ್ ಎಂಬ ಇನ್ನೊಂದು ಪ್ರೊಸೆಸರ್. ಗ್ರಾಮೊಫೋನ್ ತಟ್ಟೆ ನುಡಿಸುವ ಯಂತ್ರಗಳಿಗೆ ಹೆಸರಾದ ಸ್ಕಾಟ್ಲೆಂಡಿನ ಲಿನ್ ಕಂಪನಿ, ತನ್ನ ಕಾರ್ಖಾನೆ ನಡೆಸುವ ಸಾಫ್ಟ್‌ವೇರಿಗಾಗಿ 1980ರ ದಶಕದಲ್ಲಿ ಈ ಸ್ವಂತ ಪ್ರೊಸೆಸರನ್ನೇ ಕಟ್ಟಿಸಿತು. ಆಬ್ಜೆಕ್ಟಿನ ಜಾಗ, ಗಾತ್ರ, ಬಗೆ ಮೂರನ್ನೂ ಅದು ಏಕಕಾಲಕ್ಕೆ ನೋಡುತ್ತಿತ್ತು. ಅಷ್ಟರಲ್ಲಿ ಸರಳ ಆದೇಶಗಳ ರಿಸ್ಕ್ ಪ್ರೊಸೆಸರ್‌ಗಳು ವೇಗದಲ್ಲಿ ಮುನ್ನುಗ್ಗಿದ್ದವು. ಮಾರುಕಟ್ಟೆ ಇವರಿಗಾಗಿ ಕಾಯಲಿಲ್ಲ.

ಈಗ ಹಕ್ಕುಪತ್ರ ಮರಳಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯ ಭಾಗಿಯಾದ ಚೆರಿ ಎಂಬ ಸಂಶೋಧನಾ ಯೋಜನೆಯಲ್ಲಿ ಅದು ಪ್ರತ್ಯೇಕ ಕೋಷ್ಟಕದಲ್ಲಿಲ್ಲ. ವಿಳಾಸದ ಜೊತೆಗೇ, 128 ಬಿಟ್‌ಗಳೊಳಗೆ, ಮಿತಿ ಮತ್ತು ಅನುಮತಿ ಅಡಕವಾಗಿವೆ. ಅದು ನಕಲಿಯಲ್ಲ ಎನ್ನಲು ಬೇರೆಯದೇ ಒಂದು ಬಿಟ್. 2022ರಲ್ಲಿ ಪ್ರೊಸೆಸರ್ ವಿನ್ಯಾಸ ಮಾಡುವ ಆರ್ಮ್ ಸಂಸ್ಥೆ ಇದೇ ತತ್ತ್ವದ ಮೊರೆಲ್ಲೊ ಎಂಬ ಪ್ರಾಯೋಗಿಕ ಬೋರ್ಡ್ ಹೊರತಂದಿತು. ಅಂಥ ಚಿಪ್ ಉದ್ಯಮಬಾಗದ ಆ ಯಂತ್ರದಲ್ಲಿ ಇದ್ದಿದ್ದರೆ, 17ನೆಯ ಅಳತೆ ಬರೆಯಲು ಹೋದ ಸಾಲಿನಲ್ಲೇ ನನ್ನ ಪ್ರೋಗ್ರಾಂ ನಿಂತುಬಿಡುತ್ತಿತ್ತು.