ಬೇಕಾದಾಗ ಬನ್ನಿ, ಸಾಕಾದಾಗ ಹೊರಡಿ: ಬ್ರಿಟನ್ನಿನ ಹೆರಿಗೆ ವಾರ್ಡು ಮತ್ತು ನಮ್ಮ ಡಾಕ್ಟರುಗಳು

ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಓಬಿಜಿಯಲ್ಲಿ, ಅಂದರೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ, ಎಂಎಸ್ ಮಾಡಿಕೊಂಡ ಒಬ್ಬ ಡಾಕ್ಟರು ಈಗ ಇಂಗ್ಲೆಂಡಿನಲ್ಲಿ ಕೆಲಸ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಲೇಬರ್ ರೂಮಿನಲ್ಲಿ ಪಳಗಿದ ಕೈ. ರಾತ್ರಿ ಡ್ಯೂಟಿಯಲ್ಲಿ ಒಂದಾದ ಮೇಲೊಂದು ಸಿಸೇರಿಯನ್ ಮಾಡಿ ಅಭ್ಯಾಸ. ಹೊರದೇಶದ ಡಾಕ್ಟರುಗಳಿಗೆ ಬ್ರಿಟನ್ ಇಟ್ಟಿರುವ ಪ್ಲಾಬ್ ಪರೀಕ್ಷೆ ಪಾಸಾಗಿದೆ, ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ, ಅಂದರೆ ಜಿಎಂಸಿಯ, ನೋಂದಣಿಯೂ ಕೈಯಲ್ಲಿದೆ. ಯಾವುದೋ ಆಸ್ಪತ್ರೆ ಹೆರಿಗೆ ವಿಭಾಗಕ್ಕೆ ಒಬ್ಬ ಕ್ಲಿನಿಕಲ್ ಫೆಲೋ, ಅಂದರೆ ತರಬೇತಿ ಹುದ್ದೆಯಲ್ಲದ ಜೂನಿಯರ್ ಡಾಕ್ಟರ್, ಬೇಕು ಅಂತ ಜಾಹೀರಾತು ಹಾಕುತ್ತದೆ. ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಬಂದ್. ಕೊನೆಯ ದಿನಾಂಕ ಇನ್ನೂ ದೂರವಿದೆ, ಆದರೆ ಅಷ್ಟರಲ್ಲೇ ನೂರಾರು ಅರ್ಜಿ ಬಂದು ಬಿದ್ದಿವೆ, ಸಾಕು ಅಂತ ಮುಚ್ಚಿಬಿಟ್ಟಿದ್ದಾರೆ.

ಐದಾರು ವರ್ಷದ ಹಿಂದೆ ಇದೇ ಆಸ್ಪತ್ರೆಗಳು ಬನ್ನಿ ಬನ್ನಿ ಅನ್ನುತ್ತಿದ್ದವು. ಈಗೇನಾಯ್ತು ಅಂತ ಕೇಳಿದರೆ ವೀಸಾ ನಿಯಮ, ಕೋವಿಡ್, ರಾಜಕೀಯ ಅಂತ ಮೇಲುಮೇಲಿನ ಉತ್ತರ ಸಿಗುತ್ತದೆ. ಎಲ್ಲವೂ ನಿಜ. ಆದರೆ ಈ ಕರೆಯೋದು, ಕಳಿಸೋದು ಹೊಸದಲ್ಲ. ಸುಮಾರು ನೂರು ವರ್ಷದ ಲೆಕ್ಕ ಇದು. ಶುರುವಾಗಿದ್ದೂ ಹೆರಿಗೆಯ ವಿಷಯಕ್ಕೇ.

ಎಷ್ಟು ಹೆರಿಗೆ ಮಾಡಿಸಿದ್ದೀಯ?

ಬ್ರಿಟಿಷರ ಕಾಲದಲ್ಲಿ ಇಲ್ಲಿನ ವಿಶ್ವವಿದ್ಯಾಲಯಗಳ ವೈದ್ಯಕೀಯ ಡಿಗ್ರಿಗೆ ಜಿಎಂಸಿ ಮಾನ್ಯತೆ ಕೊಟ್ಟಿತ್ತು. ಕಲ್ಕತ್ತೆಯಲ್ಲೋ ಮದ್ರಾಸಿನಲ್ಲೋ ಓದಿದವರು ಬ್ರಿಟನ್ನಿನಲ್ಲೂ ಪ್ರಾಕ್ಟೀಸ್ ಮಾಡಬಹುದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಕೌನ್ಸಿಲ್ ತಕರಾರು ತೆಗೆಯಿತು. ಇಂಡಿಯಾದ ವಿದ್ಯಾರ್ಥಿಗಳಿಗೆ ಹೆರಿಗೆ ಮಾಡಿಸುವ ಅನುಭವ ಸಾಲದು ಅಂತ. 1922ರಲ್ಲಿ ಸರ್ ನಾರ್ಮನ್ ವಾಕರ್ ಅನ್ನುವವರನ್ನು ತಪಾಸಣೆಗೆ ಇಲ್ಲಿಗೆ ಕಳಿಸಿದರು.

ತಕರಾರು ಸುಳ್ಳಲ್ಲ. ಆಗ ನಮ್ಮ ಹೆಂಗಸರು ಹೆರುತ್ತಿದ್ದದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆಸ್ಪತ್ರೆಗೆ ಬರುತ್ತಿದ್ದವರೇ ಕಡಿಮೆ. ಬಂದರೂ ಗಂಡು ವಿದ್ಯಾರ್ಥಿಯನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೀಗಿದ್ದಾಗ ಇಷ್ಟು ಹೆರಿಗೆ ಕಡ್ಡಾಯ ಅಂದರೆ ಕಾಲೇಜುಗಳು ಎಲ್ಲಿಂದ ತರಬೇಕು? ಆದರೆ ಜಗಳ ಬೆಳೆದದ್ದು ಹೆರಿಗೆಯ ಲೆಕ್ಕದಿಂದಲ್ಲ. ನಮ್ಮ ಕಾಲೇಜುಗಳನ್ನು ಅಳೆಯೋಕೆ ಲಂಡನ್ನಿನವರು ಯಾರು ಅನ್ನುವ ಪ್ರಶ್ನೆಯಿಂದ. ಅವರು ನೇಮಿಸುವ ಇನ್‌ಸ್ಪೆಕ್ಟರ್ ಬೇಡ ಅಂತ ಇಲ್ಲಿನ ಶಾಸಕಾಂಗ ಪಟ್ಟು ಹಿಡಿಯಿತು. 1930ರಲ್ಲಿ ಜಿಎಂಸಿ ಇಂಡಿಯಾದ ಡಿಗ್ರಿಗಳಿಗೆ ಮಾನ್ಯತೆ ನಿಲ್ಲಿಸಿತು.

ಅದಕ್ಕೆ ಉತ್ತರವಾಗಿ 1933ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯ್ದೆ ಬಂತು, ನಮ್ಮದೇ ಕೌನ್ಸಿಲ್ ಆಯಿತು. 2020ರಲ್ಲಿ ಬಾಗಿಲು ಮುಚ್ಚಿದ ಎಂಸಿಐ, ಅಂದರೆ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ, ಹುಟ್ಟಿದ್ದರ ಹಿಂದೆ ಹೆರಿಗೆ ವಾರ್ಡಿನ ಜಗಳ ಇತ್ತು ಅಂತ ಎಷ್ಟು ಡಾಕ್ಟರುಗಳಿಗೆ ಗೊತ್ತಿದೆಯೋ! ಕೆಲವೇ ವರ್ಷಗಳಲ್ಲಿ ಮಾನ್ಯತೆಯೂ ವಾಪಸ್ ಬಂತು.

ಇದೇ ಹೊತ್ತಿಗೆ, 1929ರಲ್ಲಿ, ಬ್ರಿಟನ್ನಿನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ತಜ್ಞರು ತಮ್ಮದೇ ಕಾಲೇಜು ಕಟ್ಟಿಕೊಂಡರು. ಮುಂದೆ ಅದಕ್ಕೆ 'ರಾಯಲ್' ಪಟ್ಟ ಸಿಕ್ಕಿತು. ಅದರ ಸದಸ್ಯತ್ವವೇ ಎಂಆರ್‌ಸಿಓಜಿ. ನಮ್ಮೂರಿನ ನರ್ಸಿಂಗ್ ಹೋಮುಗಳ ಬೋರ್ಡಿನಲ್ಲಿ ಹೆಸರಿನ ಪಕ್ಕ 'ಎಂಆರ್‌ಸಿಓಜಿ, ಲಂಡನ್' ಅಂತ ನೋಡಿರುತ್ತೀರಿ. ಆ ಬೋರ್ಡು ನೋಡಿಯೇ ಜನ ಒಳಗೆ ಹೋಗುತ್ತಿದ್ದ ಕಾಲ ಒಂದಿತ್ತು. ಹೋಗೋದು, ಪರೀಕ್ಷೆ ಪಾಸು ಮಾಡೋದು, ನಾಲ್ಕು ವರ್ಷ ದುಡಿಯೋದು, ವಾಪಸ್ ಬಂದು ಬೋರ್ಡು ಹಾಕೋದು. ಒಂದು ತಲೆಮಾರಿನ ಡಾಕ್ಟರುಗಳ ಲೆಕ್ಕಾಚಾರ ಇಷ್ಟೇ ಇತ್ತು. ಅದರಲ್ಲಿ ಸುಮಾರು ಜನ ವಾಪಸ್ ಬರಲಿಲ್ಲ, ಅದು ಬೇರೆ ಮಾತು.

ಕೈ ಸಾಲದ ಕಾಲ

1948ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾಯಿತು. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಅಂದ ಮೇಲೆ ಡಾಕ್ಟರುಗಳು ಜಾಸ್ತಿ ಬೇಕು. ಬ್ರಿಟನ್ ಮಾಡಿದ್ದು ಉಲ್ಟಾ. 1957ರಲ್ಲಿ ವಿಲ್ಲಿಂಕ್ ಸಮಿತಿ, ಮುಂದೆ ಡಾಕ್ಟರುಗಳು ಹೆಚ್ಚಾಗಿಬಿಡುತ್ತಾರೆ, ಮೆಡಿಕಲ್ ಸೀಟು ನೂರಕ್ಕೆ ಹತ್ತರಷ್ಟು ಕಡಿಮೆ ಮಾಡಿ ಅಂತ ಸಲಹೆ ಕೊಟ್ಟಿತು. ಅತ್ತ ಬ್ರಿಟನ್ನಿನ ಡಾಕ್ಟರುಗಳೇ ಕೆನಡಾ, ಅಮೆರಿಕ, ಆಸ್ಟ್ರೇಲಿಯಾ ಅಂತ ಹೊರಟುಬಿಟ್ಟರು. 60ರ ದಶಕಕ್ಕೆ ಬರುವಷ್ಟರಲ್ಲಿ ವಾರ್ಡುಗಳು ಖಾಲಿ.

ಆ ಖಾಲಿ ಜಾಗ ತುಂಬಿದವರು ಇಂಡಿಯಾ, ಪಾಕಿಸ್ತಾನದ ಡಾಕ್ಟರುಗಳು. 1960ರಿಂದ 63ರ ತನಕ ಆರೋಗ್ಯ ಮಂತ್ರಿಯಾಗಿದ್ದದ್ದು ಈನಾಕ್ ಪೊವೆಲ್. ಅವರ ಇಲಾಖೆಯ ಆಸ್ಪತ್ರೆಗಳು ನಡೆಯುತ್ತಿದ್ದದ್ದೇ ಇವರ ದುಡಿಮೆಯಿಂದ. 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಿಂತು ವಲಸಿಗರ ವಿರುದ್ಧ ಕುಖ್ಯಾತ ಭಾಷಣ ಮಾಡಿದ್ದೂ ಅದೇ ಪೊವೆಲ್. 1971ರ ಹೊತ್ತಿಗೆ ಇಂಗ್ಲೆಂಡಿನ ಎನ್‌ಎಚ್‌ಎಸ್ ಡಾಕ್ಟರುಗಳಲ್ಲಿ ನೂರಕ್ಕೆ 31 ಮಂದಿ ಹೊರದೇಶದಲ್ಲಿ ಹುಟ್ಟಿ, ಅಲ್ಲೇ ಓದಿ ಬಂದವರು.

ಕೆಲಸ ಸಿಗುತ್ತಿತ್ತು, ಸರಿ. ಯಾವ ಕೆಲಸ? ಲಂಡನ್ನಿನ ಹೆಸರಾಂತ ಟೀಚಿಂಗ್ ಆಸ್ಪತ್ರೆಗಳ ಹುದ್ದೆಗಳು ಅಲ್ಲಿನವರಿಗೆ. ಉತ್ತರದ ಗಿರಣಿ ಊರುಗಳು, ವೇಲ್ಸ್‌ನ ಗಣಿ ಕಣಿವೆಗಳು, ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ ಇವರಿಗೆ. ಹೆರಿಗೆ ವಿಭಾಗದಲ್ಲೂ ಜೂನಿಯರ್ ಹುದ್ದೆಗೆ ಬರವಿರಲಿಲ್ಲ, ಯಾಕೆಂದರೆ ಮಗು ಹಗಲು ರಾತ್ರಿ ನೋಡಿ ಹುಟ್ಟುವುದಿಲ್ಲ, ಆ ಡ್ಯೂಟಿಗೆ ಯಾರಾದರೂ ಬೇಕಲ್ಲ. ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞರ, ಕುರ್ಚಿ ಮಾತ್ರ ಕೈಗೆಟುಕುತ್ತಿರಲಿಲ್ಲ. ಎಂಆರ್‌ಸಿಓಜಿ ಪಾಸಾದವರೂ ವರ್ಷಾನುಗಟ್ಟಲೆ ನಡುವಿನ ಹುದ್ದೆಗಳಲ್ಲೇ ಕೂತರು.

ಪರೀಕ್ಷೆ, ಗಡುವು, ಕೋರ್ಟು

1975ರಲ್ಲಿ ಗಾಳಿ ತಿರುಗಿತು. ಹೊರದೇಶದ ಡಾಕ್ಟರುಗಳ ಮಟ್ಟದ ಬಗ್ಗೆ ಮೆರಿಸನ್ ಸಮಿತಿ ಸಂಶಯ ಎತ್ತಿತು. ಅದೇ ವರ್ಷ ಜಿಎಂಸಿ ಇಂಡಿಯಾದ ಡಿಗ್ರಿಗಳ ಮಾನ್ಯತೆ ಎರಡನೇ ಸಲ ಕಿತ್ತುಕೊಂಡು, ಪರೀಕ್ಷೆ ಇಟ್ಟಿತು. ಮುಂದೆ ಪ್ಲಾಬ್ ಅನ್ನಿಸಿಕೊಂಡದ್ದು ಅದೇ. ನಿನ್ನೆ ತನಕ ಇದೇ ಡಿಗ್ರಿ ಹಿಡಿದು ರಾತ್ರಿಯಿಡೀ ವಾರ್ಡು ನೋಡಿಕೊಂಡವರಿದ್ದರು, ಆಗ ಯಾರಿಗೂ ಮಟ್ಟದ ಚಿಂತೆ ಇರಲಿಲ್ಲ. ಪರೀಕ್ಷೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹೆರಿಗೆ ಮಾಡಿಸುವವರಿಗೆ ಅಲ್ಲಿನ ಭಾಷೆ, ಅಲ್ಲಿನ ಪದ್ಧತಿ ಗೊತ್ತಿರಲೇಬೇಕು. ಆದರೆ ಕೈ ಸಾಲದಾಗ ಮರೆತುಹೋಗುವ ಮಟ್ಟ, ಕೈ ತುಂಬಿದಾಗ ಮಾತ್ರ ನೆನಪಾಗುತ್ತದಲ್ಲ, ಅದನ್ನು ಗಮನಿಸಬೇಕು.

1985ರಲ್ಲಿ ಇನ್ನೊಂದು ತಿರುವು. ಹೊರಗಿನ ಡಾಕ್ಟರುಗಳು ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯಬಹುದು, ಆದರೆ ನಾಲ್ಕು ವರ್ಷ ಮಾತ್ರ, ಆಮೇಲೆ ಊರಿಗೆ ಹೊರಡಿ ಅಂದರು. ರಾಯಲ್ ಕಾಲೇಜುಗಳು ತಾವೇ ಶಿಫಾರಸು ಮಾಡಿ ಕರೆಸಿಕೊಳ್ಳುವ ಯೋಜನೆಯೂ ಆ ಹೊತ್ತಿನದೇ. ಇಲ್ಲಿನ ಪ್ರೊಫೆಸರ್ ಒಬ್ಬರು ಹೆಸರು ಸೂಚಿಸುತ್ತಿದ್ದರು, ಅಲ್ಲಿನ ಕನ್ಸಲ್ಟೆಂಟ್ ಒಬ್ಬರು ಜಾಗ ಕೊಡುತ್ತಿದ್ದರು. ಎಂಆರ್‌ಸಿಓಜಿ ಬೋರ್ಡಿನ ಎಷ್ಟೋ ಡಾಕ್ಟರುಗಳು ಈ ದಾರಿಯಲ್ಲಿ ಹೋಗಿಬಂದವರು.

2006ರಲ್ಲಿ ನಡೆದದ್ದು ಮಾತ್ರ ಕ್ರೂರ. ಮಾರ್ಚಿನಲ್ಲಿ ಘೋಷಣೆ, ಏಪ್ರಿಲ್‌ನಿಂದ ಜಾರಿ. ಪರ್ಮಿಟ್ ಇಲ್ಲದ ತರಬೇತಿ ರದ್ದು. ಇನ್ನು ಮೇಲೆ ಬ್ರಿಟನ್ ಮತ್ತು ಯುರೋಪಿನವರು ಸಿಗದಿದ್ದರೆ ಮಾತ್ರ ನೀವು. ಸಾಲ ಮಾಡಿ, ಪ್ಲಾಬ್ ಬರೆದು, ಕೆಲಸಕ್ಕೆ ಕಾಯುತ್ತಿದ್ದ ಸಾವಿರಾರು ಜನ ನಡುನೀರಲ್ಲಿ ಉಳಿದರು. ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಒಂದೊಂದು ರೂಮಿಗೆ ಐದಾರು ಡಾಕ್ಟರುಗಳು. ಮಧ್ಯಾಹ್ನದ ಊಟಕ್ಕೆ ಹತ್ತಿರದ ದೇವಸ್ಥಾನದ ಪ್ರಸಾದ. ಪತ್ರಿಕೆಗಳಲ್ಲಿ ಆಗ ಬಂದ ಸುದ್ದಿ ಇದು.

ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೋ ಕೋರ್ಟಿಗೆ ಹೋಯಿತು. ಹೈಕೋರ್ಟಿನಲ್ಲಿ ಸೋಲು, ಮೇಲ್ಮನವಿಯಲ್ಲಿ ಗೆಲುವು. 2008ರ ಏಪ್ರಿಲ್‌ನಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ, ಈ ಡಾಕ್ಟರುಗಳನ್ನು ಕೊನೆಗೆ ಪರಿಗಣಿಸಿ ಅಂತ ಆರೋಗ್ಯ ಇಲಾಖೆ ಆಸ್ಪತ್ರೆಗಳಿಗೆ ಕೊಟ್ಟ ಸೂಚನೆ ಕಾನೂನುಬಾಹಿರ ಅಂದಿತು. ಗೆದ್ದದ್ದು ದೊಡ್ಡದೇ. ಆದರೆ ಅಷ್ಟರೊಳಗೆ ಬಹಳ ಜನ ಗಂಟುಮೂಟೆ ಕಟ್ಟಿಯಾಗಿತ್ತು.

ಲೇಬರ್ ವಾರ್ಡಿನೊಳಗೆ

ಇಷ್ಟೆಲ್ಲ ದಾಟಿ ಒಳಗೆ ಹೋದವರಿಗೆ ಅಲ್ಲಿನ ಕೆಲಸ ಹೇಗಿರುತ್ತದೆ? ಮೊದಲ ಅಚ್ಚರಿ ಮಿಡ್‌ವೈಫ್, ಅಂದರೆ ತರಬೇತಿ ಪಡೆದ ಸೂಲಗಿತ್ತಿ. ಸಲೀಸಾದ ಹೆರಿಗೆ ಪೂರ್ತಿ ಅವರದ್ದೇ. ಡಾಕ್ಟರನ್ನು ಕರೆಯೋದು ತೊಂದರೆ ಕಂಡಾಗ. ನಮ್ಮಲ್ಲಿ ಡಾಕ್ಟರ್ ಹೇಳಿದ್ದನ್ನು ನರ್ಸ್ ಮಾಡುತ್ತಾರೆ. ಅಲ್ಲಿ ಅನುಭವಿ ಮಿಡ್‌ವೈಫ್ ಒಬ್ಬರು "ಇನ್ನೂ ಸ್ವಲ್ಪ ಕಾಯೋಣ" ಅಂದರೆ ಹೊಸ ಡಾಕ್ಟರ್ ಸುಮ್ನೆ ಕೇಳಿಸಿಕೊಳ್ಳೋದೇ ಜಾಣತನ.

ಎರಡನೆಯದು ಮಾತು. 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾಂಟ್ಗೊಮರಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಕ್ಕರೆ ಕಾಯಿಲೆ ಇದ್ದ, ಕುಳ್ಳಗಿನ ಬಸುರಿ. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಳ್ಳುವ ಅಪಾಯ ಇತ್ತು, ಡಾಕ್ಟರ್ ಅದನ್ನು ಹೇಳಿರಲಿಲ್ಲ. ಭುಜ ಸಿಕ್ಕಿಕೊಂಡೇಬಿಟ್ಟಿತು, ಮಗುವಿಗೆ ಶಾಶ್ವತ ಹಾನಿಯಾಯಿತು. ಆ ಹೆಂಗಸಿಗೆ ಯಾವ ಅಪಾಯ ಮುಖ್ಯ ಅನ್ನಿಸುತ್ತದೋ ಅದನ್ನು ಹೇಳಲೇಬೇಕು, ಆಯ್ಕೆ ಅವಳದ್ದು ಅಂತ ಕೋರ್ಟ್ ಹೇಳಿತು. ಒಪಿಡಿಯ ಬಾಗಿಲಲ್ಲಿ ನೂರು ಜನ ಸಾಲು ನಿಂತಿರುವಾಗ ಕೆಲಸ ಕಲಿತ ನಮ್ಮವರಿಗೆ, ಒಬ್ಬರ ಎದುರು ಕೂತು ಸಾಧಕ ಬಾಧಕ ವಿವರಿಸೋದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಮ್ಯಾಂಚೆಸ್ಟರಿನಲ್ಲಿ ನಡೆಯುವ ಪ್ಲಾಬ್‌ನ ಎರಡನೇ ಭಾಗದಲ್ಲಿ ಅಳೆಯೋದರಲ್ಲಿ ಇದೂ ಒಂದು.

ಇನ್ನೊಂದು ಸಣ್ಣ ವಿಷಯ. ಇಪ್ಪತ್ತನೇ ವಾರದ ಸ್ಕ್ಯಾನ್ ಆದ ಮೇಲೆ ಅಲ್ಲಿನ ದಂಪತಿ ನಗುತ್ತಾ "ಗಂಡೋ, ಹೆಣ್ಣೋ?" ಅಂತ ಕೇಳುತ್ತಾರೆ. ಭ್ರೂಣದ ಲಿಂಗ ಪತ್ತೆ ಅಪರಾಧ ಅನ್ನುವ 1994ರ ಕಾಯ್ದೆಯ ಬೋರ್ಡು ಗೋಡೆಯ ಮೇಲಿರುವ ಕೋಣೆಯಲ್ಲಿ ಕಲಿತವರಿಗೆ ಆ ಪ್ರಶ್ನೆ ಕೇಳಿದರೆ ಮೊದಲ ಸಲ ಎದೆ ಧಸಕ್ ಅನ್ನದೇ ಇರುತ್ತದೆಯೇ!

ಮತ್ತೆ ಕರೆ, ಮತ್ತೆ ನೂಕುನುಗ್ಗಲು

2009ರಲ್ಲಿ ಎಂಟಿಐ, ಅಂದರೆ ಮೆಡಿಕಲ್ ಟ್ರೈನಿಂಗ್ ಇನಿಷಿಯೇಟಿವ್, ಅನ್ನುವ ಯೋಜನೆ ಬಂತು. ಪ್ಲಾಬ್ ಬರೆಯದೆ, ರಾಯಲ್ ಕಾಲೇಜಿನ ಶಿಫಾರಸಿನ ಮೇಲೆ ಎರಡು ವರ್ಷ ತರಬೇತಿ, ಆಮೇಲೆ ವಾಪಸ್. 1980ರ ದಶಕದ ಯೋಜನೆಯದೇ ಹೊಸ ಅವತಾರ. ಹೆರಿಗೆ ವಿಭಾಗಕ್ಕೆ ಹೋಗುವ ನಮ್ಮವರಿಗೆ ಇದು ಈಗಲೂ ಗೌರವದ ದಾರಿ.

ದೊಡ್ಡ ಬದಲಾವಣೆ ಆದದ್ದು 2019ರ ಅಕ್ಟೋಬರ್‌ನಲ್ಲಿ. ಬ್ರಿಟನ್ ಎಲ್ಲ ಡಾಕ್ಟರ್ ಹುದ್ದೆಗಳನ್ನೂ ಕೊರತೆಯ ಪಟ್ಟಿಗೆ ಸೇರಿಸಿತು. ಮೊದಲು ಸ್ಥಳೀಯರಿಗೆ ಅನ್ನುವ ನಿಯಮ ಹೋಯಿತು. ಮರುವರ್ಷ ಆರೋಗ್ಯ ಕ್ಷೇತ್ರಕ್ಕೆಂದೇ ಅಗ್ಗದ ವೀಸಾ. ಸ್ಪೆಷಾಲಿಟಿ ತರಬೇತಿಗೆ, ಅಂದರೆ ಏಳು ವರ್ಷದ ಓಬಿಜಿ ತರಬೇತಿಯ ಮೊದಲ ಮೆಟ್ಟಿಲಿಗೆ, ಹೊರಗಿನವರೂ ಅಲ್ಲಿನವರ ಸಮಕ್ಕೆ ಅರ್ಜಿ ಹಾಕುವಂತಾಯಿತು. ಕೇಳಬೇಕಾ? 2023ರಲ್ಲಿ ಬ್ರಿಟನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಡಾಕ್ಟರುಗಳಲ್ಲಿ ಮೂರನೇ ಎರಡು ಭಾಗ ಹೊರದೇಶದಲ್ಲಿ ಓದಿದವರು. ಡಾಕ್ಟರುಗಳು ಬಂದರು, ತರಬೇತಿ ಹುದ್ದೆಗಳು ಅದೇ ಲೆಕ್ಕದಲ್ಲಿ ಬೆಳೆಯಲಿಲ್ಲ. 2025ರಲ್ಲಿ ಎಲ್ಲ ವಿಭಾಗ ಸೇರಿ ಸುಮಾರು 13 ಸಾವಿರ ಹುದ್ದೆಗೆ 30 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಅಲ್ಲೇ ಹುಟ್ಟಿ ಓದಿದ ಮಕ್ಕಳಿಗೂ ಕೆಲಸವಿಲ್ಲ. ಅವರ ಸಿಟ್ಟನ್ನು ತಪ್ಪು ಅನ್ನೋಕಾಗಲ್ಲ.

ಹಾಗಾದರೆ ಹೆರಿಗೆ ವಾರ್ಡುಗಳಲ್ಲಿ ಜನ ಸಾಕಾಗಿದ್ದಾರಾ? ಅದೂ ಇಲ್ಲ. 2022ರಲ್ಲಿ ಬಂದ ಆಕಂಡೆನ್ ವರದಿ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳ ಎರಡು ದಶಕದ ಹೆರಿಗೆ ಸೇವೆಯನ್ನು ಜಾಲಾಡಿತು. ಸರಿಯಾದ ಆರೈಕೆ ಸಿಕ್ಕಿದ್ದರೆ 201 ಮಕ್ಕಳು, 9 ತಾಯಂದಿರು ಬದುಕುವ ಸಾಧ್ಯತೆ ಇತ್ತು ಅಂತ ಹೇಳಿತು. ಸಿಬ್ಬಂದಿ ಕೊರತೆ ಆ ವರದಿಯ ಉದ್ದಕ್ಕೂ ಇದೆ. ಅಂದರೆ ಬಸುರಿಯರಿಗೆ ಡಾಕ್ಟರು ಬೇಕು, ಡಾಕ್ಟರಿಗೆ ಕೆಲಸ ಬೇಕು, ನಡುವೆ ಹುದ್ದೆ ಸೃಷ್ಟಿಸಿ ದುಡ್ಡು ಕೊಡಬೇಕಾದ ಸರ್ಕಾರದ ಕೈ ಬಿಗಿ. 1957ರಲ್ಲಿ ಸೀಟಿನ ಲೆಕ್ಕ ತಪ್ಪಿತ್ತು, ಈಗ ಹುದ್ದೆಯ ಲೆಕ್ಕ.

ನಮ್ಮ ಎಂಎಸ್ ಮಾಡಿದವರಿಗೆ ಇನ್ನೊಂದು ಪೆಟ್ಟು. ಇಲ್ಲಿ ತಜ್ಞರಾದರೂ ಅಲ್ಲಿನ ತಜ್ಞರ ಪಟ್ಟಿಗೆ ಎಂಎಸ್ ಒಂದೇ ಸಾಲದು. ಎಂಆರ್‌ಸಿಓಜಿಯ ಮೂರೂ ಭಾಗ ಮುಗಿಸಿದರೆ ಪ್ಲಾಬ್ ತಪ್ಪುತ್ತದೆ, ಅಷ್ಟೇ. ಕನ್ಸಲ್ಟೆಂಟ್ ಆಗಬೇಕಾದರೆ ಪೂರ್ತಿ ತರಬೇತಿ, ಇಲ್ಲವೇ ಮಾಡಿದ ಕೆಲಸಕ್ಕೆಲ್ಲ ಕಂತೆಗಟ್ಟಲೆ ದಾಖಲೆ ಒಟ್ಟುಗೂಡಿಸಿ ಜಿಎಂಸಿ ಮುಂದಿಡುವ ಪೋರ್ಟ್‌ಫೋಲಿಯೋ ದಾರಿ. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಅಷ್ಟು ದಿನ ಕೈಯಲ್ಲೊಂದು ಕೆಲಸ ಇರಬೇಕಲ್ಲ!

2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಎನ್‌ಎಚ್‌ಎಸ್‌ಗೆ ಹತ್ತು ವರ್ಷದ ಯೋಜನೆ ಪ್ರಕಟಿಸಿತು. ಮೂರು ವರ್ಷದಲ್ಲಿ ಸಾವಿರ ಹೊಸ ತರಬೇತಿ ಹುದ್ದೆ, ಅವಕಾಶ ಕೊಡುವಾಗ ಬ್ರಿಟನ್ನಿನ ಪದವೀಧರರಿಗೆ ಆದ್ಯತೆ ಅಂತ ಅದರಲ್ಲಿತ್ತು. ಜೊತೆಗೆ, ಎನ್‌ಎಚ್‌ಎಸ್‌ನಲ್ಲಿ ಗಣನೀಯ ಕಾಲ ದುಡಿದ ಹೊರಗಿನ ಡಾಕ್ಟರುಗಳಿಗೂ ಆದ್ಯತೆ ಅಂದರು. ಗಣನೀಯ ಅಂದರೆ ಎಷ್ಟು ವರ್ಷ ಅಂತ ಅವತ್ತು ಹೇಳಲಿಲ್ಲ. ಈಗಾಗಲೇ ಅಲ್ಲಿ ವಾರ್ಡಿನಲ್ಲಿರುವವರಿಗೆ ಇದು ಸ್ವಲ್ಪ ಸಮಾಧಾನ. ಹೊಸಬರು ಆ ಅನುಭವ ಗಳಿಸಬೇಕಾದರೆ ಮೊದಲು ಒಂದು ಫೆಲೋ ಕೆಲಸ ಹಿಡಿಯಬೇಕು. ಆ ಜಾಹೀರಾತು ಸಂಜೆಯೊಳಗೆ ಮುಚ್ಚುತ್ತಿದೆ.